ಅಂಟವಾಳ, ಸೀಗೆಕಾಯಿ, ಗರಗ, ಮುತ್ತಲ: ಮನೆಗೆ ಬೇಕಾದ ಕಾಡುಗಿಡಗಳು, ಬಳಸುವ ರೀತಿ ಮತ್ತು ಎಚ್ಚರಿಕೆ

ನಿಪ್ಪಾಣಿ: ಕಾಡಿನ ಎಲೆ ಬರದಿದ್ದರೆ ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ಕೈ ಖಾಲಿ ಕೂರಬೇಕಾಗುತ್ತದೆ. ತಂಬಾಕು ನಮ್ಮ ಹೊಲದ್ದು. ಆದರೆ ಅದನ್ನು ಸುತ್ತುವ ಬೀಡಿ ಎಲೆ, ಅಂದರೆ ತೆಂಡು ಎಲೆ, ಬರುವುದು ವಿದರ್ಭ, ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ ಕಡೆಯ ಕಾಡಿನಿಂದ. ಅದೇ ರೀತಿ ತಲೆ ತೊಳೆಯುವ ಸೀಗೆಕಾಯಿ, ರೇಷ್ಮೆ ಸೀರೆ ಒಗೆಯುವ ಅಂಟವಾಳ, ಊಟಕ್ಕೆ ಹಾಸುವ ಪತ್ರಾವಳಿ, ಕಸ ಗುಡಿಸುವ ಕಸಬರಿಗೆ, ಕಾಲಿಗೆ ಹಾಕುವ ಕೊಲ್ಹಾಪುರಿ ಚಪ್ಪಲಿಯ ತೊಗಲು ಹದ ಮಾಡುವ ತೊಗಟೆ, ಇವೆಲ್ಲ ಕಾಡು, ಗುಡ್ಡ, ಬದುವಿನ ಗಿಡಗಳದ್ದೇ ಕೊಡುಗೆ.

ಈಗ ಶಾಂಪೂ, ಸೋಪು ಬಿಟ್ಟು ಮತ್ತೆ ಇವುಗಳ ಕಡೆ ತಿರುಗುವವರು ಹೆಚ್ಚಾಗಿದ್ದಾರೆ. ಕಿರಾಣಿ ಅಂಗಡಿ, ಕಾಷ್ಠೌಷಧಿ ಅಂಗಡಿಗಳಲ್ಲಿ ಪುಡಿ ಪೊಟ್ಟಣಗಳ ಸಾಲೂ ಬೆಳೆದಿದೆ. ಆದರೆ "ಗಿಡದ್ದು ಅಂದಮ್ಯಾಲೆ ಏನೂ ಆಗಂಗಿಲ್ಲ" ಎಂಬ ಮಾತು ಪೂರ್ತಿ ನಿಜವಲ್ಲ. ಇವುಗಳಲ್ಲಿ ಕೆಲವು ಕಣ್ಣು ಸುಡುತ್ತವೆ, ಕೆಲವು ಚರ್ಮ ಸುಡುತ್ತವೆ, ಒಂದೆರಡು ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮನೆಗಳಿಗೂ ಅಂಗಡಿಯವರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಮೊದಲು ಹೆಸರು ತಿಳಿದಿರಲಿ

ಗಡಿಭಾಗದಲ್ಲಿ ಒಂದೇ ವಸ್ತುವಿಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹೆಸರು. ಗಿರಾಕಿ ಒಂದು ಕೇಳಿ ಅಂಗಡಿಯವರು ಇನ್ನೊಂದು ಕೊಡುವ ಗೊಂದಲ ಆಗಬಾರದೆಂದರೆ ಇವು ಗೊತ್ತಿರಬೇಕು.

ಅಂಟವಾಳ – ರಿಠಾ
ಸೀಗೆಕಾಯಿ – ಶಿಕೇಕಾಯಿ
ಗರಗ – ಮಾಕಾ
ಲಕ್ಕಿ – ನಿರ್ಗುಡಿ
ಮುತ್ತಲ (ಮುತ್ತುಗ) – ಪಳಸ
ಅಳಲೆಕಾಯಿ – ಹಿರಡಾ
ಕರಿಜಾಲಿ – ಬಾಭುಳ
ಉತ್ತರಾಣಿ – ಅಘಾಡಾ
ಬೇವು – ಕಡುಲಿಂಬ
ಕೇರು ಬೀಜ – ಬಿಬ್ಬಾ
ಗುಲಗಂಜಿ – ಗುಂಜ

ಅಂಟವಾಳ: ಬಟ್ಟೆಗೆ, ಬೆಳ್ಳಿಗೆ, ಪಾತ್ರೆಗೆ

ಅಂಟವಾಳದ ಮರ ಒಣ ಕಾಡಿನಲ್ಲೂ ಹೊಲದ ಬದುವಿನಲ್ಲೂ ಬೆಳೆಯುತ್ತದೆ. ಹಣ್ಣು ಒಣಗಿದಾಗ ಸುಕ್ಕುಗಟ್ಟಿ ಕಂದು ಬಣ್ಣಕ್ಕೆ ತಿರುಗುತ್ತದೆ. ಒಳಗೆ ಗುಂಡಗಿನ ಗಟ್ಟಿ ಕರಿಬೀಜ. ನೊರೆ ಬರುವುದು ಸಿಪ್ಪೆಯಿಂದ, ಬೀಜದಿಂದಲ್ಲ. ಸಿಪ್ಪೆಯಲ್ಲಿರುವ ಸ್ಯಾಪೋನಿನ್ ಎಂಬ ಅಂಶ ನೀರಿನಲ್ಲಿ ಕರಗಿ ನೊರೆ ಕಟ್ಟುತ್ತದೆ, ಎಣ್ಣೆ ಜಿಡ್ಡನ್ನು ಎತ್ತಿಕೊಂಡು ಹೋಗುತ್ತದೆ. ಈ ಮರದ ಲ್ಯಾಟಿನ್ ಹೆಸರು ಸ್ಯಾಪಿಂಡಸ್. ಅದರ ಅರ್ಥವೇ 'ಭಾರತದ ಸೋಪು'. ಇತ್ತೀಚಿನ ವರ್ಷಗಳಲ್ಲಿ ಜರ್ಮನಿ ಮೊದಲಾದ ದೇಶಗಳಲ್ಲೂ ಇದರ ಸಿಪ್ಪೆಯನ್ನು ಬಟ್ಟೆ ಒಗೆಯಲಿಕ್ಕೆ ಮಾರುತ್ತಾರೆ.

ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಿಗೆ ಇದು ಒಳ್ಳೆಯದು. ಗಡಸು ನೀರಿನ ಸುಣ್ಣದ ಅಂಶಕ್ಕೆ ಸೋಪು ಸೇರಿದರೆ ನೊರೆ ಬಾರದೆ ಬಿಳಿ ಕೆನೆಯಂತೆ ಬಟ್ಟೆಗೆ ಅಂಟುತ್ತದೆ. ಅಂಟವಾಳದ ನೀರು ಹಾಗೆ ಕೆನೆ ಕಟ್ಟುವುದಿಲ್ಲ.

ಮಾಡುವ ರೀತಿ: ಬೀಜ ತೆಗೆದ 8–10 ಕಾಯಿಯ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಬೇಕು. ಬೆಳಿಗ್ಗೆ 10–15 ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ಬಟ್ಟೆಯಲ್ಲಿ ಸೋಸಬೇಕು. ಈ ನೀರಿನಲ್ಲಿ ರೇಷ್ಮೆ ಸೀರೆ, ಉಣ್ಣೆ ಸ್ವೆಟರ್, ಕಂಬಳಿ ಒಗೆಯಬಹುದು. ರೇಷ್ಮೆ, ಉಣ್ಣೆಗೆ ಕ್ಷಾರ ಹೆಚ್ಚಿರುವ ಸೋಪು ಆಗಿಬರುವುದಿಲ್ಲ, ನೂಲು ಸವೆಯುತ್ತದೆ. ಅದಕ್ಕೇ ಹಳೆಯ ಕಾಲದಿಂದ ಇಳಕಲ್, ಪೈಠಣಿ ಸೀರೆಗೆ ಅಂಟವಾಳ. ಆದರೆ ಮಾಸಿದ ಬಿಳಿ ಬಟ್ಟೆಗೆ, ಮಕ್ಕಳ ಶಾಲೆಯ ಬಿಳಿ ಅಂಗಿಗೆ ಇದು ಸಾಲದು. ಕಂದು ಛಾಯೆ ಹಿಡಿಯುವುದೂ ಉಂಟು.

ಬೆಳ್ಳಿ ಕೆಲಸಗಾರರಿಗೆ ಅಂಟವಾಳ ಹೊಸದಲ್ಲ. ಕಪ್ಪಾದ ಕಾಲುಂಗುರ, ಗೆಜ್ಜೆಯನ್ನು ಅಂಟವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಕೊಳೆ ಬಿಡುತ್ತದೆ. ಮುತ್ತು ಕೂಡಿಸಿದ ಒಡವೆಯನ್ನು ಮಾತ್ರ ನೆನೆಹಾಕಬಾರದು. ಹಿತ್ತಾಳೆ, ತಾಮ್ರದ ಪಾತ್ರೆಗೆ ಮೊದಲು ಹುಣಸೆಹಣ್ಣು, ಆಮೇಲೆ ಅಂಟವಾಳದ ನೀರು.

ಎಚ್ಚರ: ಕಣ್ಣಿಗೆ ಬಿದ್ದರೆ ಜೋರು ಉರಿ. ತಕ್ಷಣ ಶುದ್ಧ ನೀರಿನಿಂದ ತೊಳೆಯಬೇಕು. ಹೊಟ್ಟೆಗೆ ತೆಗೆದುಕೊಳ್ಳುವಂತಿಲ್ಲ. ಸ್ಯಾಪೋನಿನ್ ಮೀನಿಗೆ ವಿಷ, ಹೀಗಾಗಿ ಅಂಟವಾಳದ ನೀರನ್ನು ಬಾವಿ, ಕೆರೆ, ವೇದಗಂಗಾ ಮತ್ತು ದೂಧಗಂಗಾ ಹೊಳೆಗೆ ನೇರ ಚೆಲ್ಲಬಾರದು. ಕುದಿಸಿದ ನೀರು ಹೊರಗಿಟ್ಟರೆ 2–3 ದಿನಕ್ಕೆ ಹುಳಿಯುತ್ತದೆ.

ಸೀಗೆಕಾಯಿ: ತಲೆಗೆ ಮಾತ್ರ, ಕಣ್ಣು ಮುಚ್ಚಿ

ಸೀಗೆ ಮುಳ್ಳಿನ ಬಳ್ಳಿ. ಸಹ್ಯಾದ್ರಿಯ ಸೆರಗಿನ ಕಾಡಿನಲ್ಲಿ ಬೇರೆ ಮರಗಳ ಮೇಲೆ ಹಬ್ಬುತ್ತದೆ. ನಿಪ್ಪಾಣಿ ಸುತ್ತಿನ ಬಯಲಿನಲ್ಲಿ ಕಡಿಮೆ. ಅದಕ್ಕೇ ಸಂತೆಗೆ ಬರುವ ಸರಕು ಹೊರಗಿನದ್ದು. ಕರ್ನಾಟಕದ ದಕ್ಷಿಣ ತುದಿಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸೀಗೆಕಾಯಿ, ಅಂಟವಾಳ, ನೆಲ್ಲಿಕಾಯಿ, ಜೇನು ಸಂಗ್ರಹಿಸಿ ಬುಡಕಟ್ಟು ಜನರ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಅಂಗಡಿಯಲ್ಲಿ ಪೊಟ್ಟಣ ಬಿಚ್ಚುವಾಗ ಕಾಣುವುದಿಲ್ಲ, ಆದರೆ ಒಂದೊಂದು ಕಿಲೋ ಹಿಂದೆಯೂ ಹೀಗೆ ಮುಳ್ಳಿನಲ್ಲಿ ಕೈಹಾಕಿ ಬಿಡಿಸಿದವರ ದುಡಿಮೆ ಇರುತ್ತದೆ.

ಬಳಸುವ ರೀತಿ: ಒಣಗಿದ ಸೀಗೆಕಾಯಿ ಜೊತೆಗೆ ಒಂದಿಷ್ಟು ಮೆಂತೆ, ಒಣ ನೆಲ್ಲಿಕಾಯಿ, ಒಣಗಿಸಿದ ದಾಸವಾಳದ ಎಲೆ ಕೂಡಿಸಿ ಗಿರಣಿಗೆ ಹಾಕಿಸುವುದು ರೂಢಿ. 2–3 ಚಮಚ ಪುಡಿಯನ್ನು ಬಿಸಿನೀರು ಅಥವಾ ಅನ್ನ ಬಸಿದ ಗಂಜಿಯಲ್ಲಿ ಕಲಸಿ 15 ನಿಮಿಷ ಬಿಟ್ಟು ಹಚ್ಚಬೇಕು. ಗಂಜಿ ಕೂಡಿಸಿದರೆ ಕೂದಲು ಒರಟಾಗುವುದಿಲ್ಲ. ಸೋಪು ಕ್ಷಾರ, ಸೀಗೆ ತುಸು ಆಮ್ಲ. ಅದರಿಂದ ಕೂದಲು ಸಿಕ್ಕಾಗುವುದು ಕಡಿಮೆ. ಪುಡಿ ನುಣ್ಣಗಿರಬೇಕು, ಜರಡಿ ಹಿಡಿದಿರಬೇಕು. ದಪ್ಪ ಪುಡಿ ನೆತ್ತಿ ಗೀರುತ್ತದೆ, ತೊಳೆದರೂ ಕೂದಲಲ್ಲಿ ಉಳಿಯುತ್ತದೆ.

ಗಿರಣಿಯಲ್ಲಿ ಸೀಗೆ ಬೀಸುವಾಗ ಎದ್ದ ಧೂಳು ಸೀನು, ಕೆಮ್ಮು, ಕಣ್ಣುರಿ ತರುತ್ತದೆ. ಗಿರಣಿಯವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಸೀಗೆ ಬೀಸಿದ ಕಲ್ಲಿಗೆ ನೇರ ಜೋಳ ಹಾಕಬಾರದು. ದಮ್ಮು ಇದ್ದವರು ಹತ್ತಿರ ನಿಲ್ಲದಿರುವುದು ಮೇಲು.

ಗರಗದ ಎಣ್ಣೆ ಮತ್ತು ಮದರಂಗಿ

ಗರಗ ಕಾಲುವೆ ದಂಡೆ, ಕಬ್ಬಿನ ಗದ್ದೆಯ ಹಸಿ ಜಾಗದಲ್ಲಿ ತಾನಾಗಿ ಬರುವ ಸಣ್ಣ ಗಿಡ. ಹೂವು ಬಟನ್‌ನಂತೆ ಚಿಕ್ಕದು, ಬಿಳಿ. ಎಲೆ ಎದುರುಬದುರು, ಉದ್ದನೆ. ಎಲೆ, ಕಾಂಡ ಜಜ್ಜಿದರೆ ಸ್ವಲ್ಪ ಹೊತ್ತಿಗೆ ರಸ ಕಪ್ಪಾಗುತ್ತದೆ, ಗುರುತಿಗೆ ಇದೇ ಸುಲಭ ಉಪಾಯ. ಒಂದು ಬಟ್ಟಲು ಗರಗದ ರಸಕ್ಕೆ ಎರಡು ಬಟ್ಟಲು ಕೊಬ್ಬರಿ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಚಿಟಪಟ ಸದ್ದು ನಿಲ್ಲುವವರೆಗೆ, ಅಂದರೆ ನೀರಿನಂಶ ಪೂರ್ತಿ ಆರುವವರೆಗೆ ಕಾಯಿಸಬೇಕು. ನೀರು ಉಳಿದರೆ ಎಣ್ಣೆ ಮುಗ್ಗಲು ಹಿಡಿಯುತ್ತದೆ.

ಬಿಳಿ ಹೂವಿನ ಗಿಡವೆಲ್ಲ ಗರಗ ಅಲ್ಲ. ರಸ್ತೆ ಬದಿ, ಬೀಡು ಹೊಲದಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡಕ್ಕೂ ಚಿಕ್ಕ ಬಿಳಿ ಹೂವು ಬರುತ್ತವೆ. ಅದರ ಎಲೆ ಗಜ್ಜರಿ ಎಲೆಯಂತೆ ಸೀಳುಸೀಳು. ಅದು ತಾಗಿದರೆ ಎಷ್ಟೋ ಜನರಿಗೆ ತುರಿಕೆ, ಚರ್ಮದ ಅಲರ್ಜಿ ಆಗುತ್ತದೆ. ಸಂಶಯ ಬಂದ ಗಿಡವನ್ನು ಬಿಟ್ಟುಬಿಡುವುದೇ ಸರಿ. ಕಬ್ಬಿಗೆ ಕಳೆನಾಶಕ ಹೊಡೆದ ಗದ್ದೆಯ ಗರಗವನ್ನೂ ತರಬಾರದು.

ಗಿಡದ ಮದರಂಗಿ ಬಣ್ಣ ಕಿತ್ತಳೆಯಿಂದ ಕಡುಕಂದು. ಅದೂ ತಾಸುಗಟ್ಟಲೆ ಇಟ್ಟುಕೊಂಡ ಮೇಲೆ. ಅರ್ಧ ತಾಸಿನಲ್ಲಿ ಕಪ್ಪು ಬಣ್ಣ ಕೊಡುವ 'ಕಾಲಿ ಮೆಹಂದಿ' ಬರೀ ಗಿಡದ್ದಲ್ಲ, ಅದರಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಇದು ಕೆಲವರಿಗೆ ಬೊಬ್ಬೆ, ಊತ, ಮುಂದೆ ಜೀವನಪೂರ್ತಿ ಉಳಿಯುವ ಅಲರ್ಜಿ ತರುತ್ತದೆ. ಹೊಟ್ಟೆಗೆ ಹೋದರೆ ಉಸಿರಾಟವೇ ಕಟ್ಟುವ ಅಪಾಯ. ಮದುವೆ ಸೀಸನ್‌ನಲ್ಲಿ ಕೋನ್ ಮಾರುವವರು, ಕೊಳ್ಳುವವರು ಇದನ್ನು ನೆನಪಿಡಬೇಕು. ಮಕ್ಕಳ ಕೈಗೆ ಕರಿ ಮೆಹಂದಿ ಬೇಡವೇ ಬೇಡ.

ಹಲ್ಲಿಗೆ, ಕಾಳಿಗೆ, ಸೊಳ್ಳೆಗೆ

ಹಲ್ಲುಜ್ಜಲು ಬೇವು, ಕರಿಜಾಲಿ, ಉತ್ತರಾಣಿ ಕಡ್ಡಿ ನಮ್ಮ ಹಳ್ಳಿಗಳಲ್ಲಿ ಈಗಲೂ ಉಂಟು. ಕಿರುಬೆರಳಿನ ದಪ್ಪದ ಹಸಿ ಕಡ್ಡಿಯ ತುದಿಯನ್ನು ಜಗಿದು ಎಳೆಎಳೆ ಮಾಡಿ ಮೆಲ್ಲಗೆ ಉಜ್ಜಬೇಕು. ಜೋರಾಗಿ ಅಡ್ಡಡ್ಡ ತಿಕ್ಕಿದರೆ ವಸಡು ಸವೆಯುತ್ತದೆ. ಒಮ್ಮೆ ಬಳಸಿದ ತುದಿ ಕತ್ತರಿಸಿ ಎಸೆಯಬೇಕು. ತಂಬಾಕು ಮಿಶ್ರಿ ಹಚ್ಚಿ ಹಲ್ಲುಜ್ಜುವ ಚಟ ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳಲ್ಲೂ ಇದೆ. ಅದು ಹಲ್ಲಿನ ಆರೈಕೆಯಲ್ಲ, ತಂಬಾಕಿನ ಸೇವನೆಯೇ. ಬಾಯಿ ಕ್ಯಾನ್ಸರ್‌ಗೆ ದಾರಿ. ಅದರ ಬದಲು ಬೇವಿನ ಕಡ್ಡಿ ಹಿಡಿದರೂ ಲಾಭವೇ.

ಜೋಳ, ಗೋಧಿ, ಕಾಳು ಇಡುವಾಗ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಅಥವಾ ಲಕ್ಕಿ ಎಲೆಯನ್ನು ಪದರ ಪದರವಾಗಿ ಹಾಕುವುದು ಹಳೆಯ ಪದ್ಧತಿ. ಎಲೆ ಪೂರ್ತಿ ಒಣಗಿರಬೇಕು. ಹಸಿ ಇದ್ದರೆ ಕಾಳಿಗೇ ಬೂಷ್ಟು. ಹುಳ ಬರುವುದನ್ನು ಇದು ತಗ್ಗಿಸುತ್ತದೆ, ಆಗಲೇ ಹತ್ತಿದ ಹುಳವನ್ನು ಓಡಿಸುವುದಿಲ್ಲ. ಹೀಗಾಗಿ ಕಾಳನ್ನು ಮೊದಲು ಬಿಸಿಲಿಗೆ ಹಾಕಬೇಕು.

ಸಂಜೆ ದನದ ಕೊಟ್ಟಿಗೆಯಲ್ಲಿ ಬೇವು, ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಸೊಳ್ಳೆ, ನೊಣ ದೂರ. ಆದರೆ ಮುಚ್ಚಿದ ಕೋಣೆಯಲ್ಲಿ, ಕೂಸು ಮಲಗಿದಲ್ಲಿ ಹೊಗೆ ಬೇಡ, ಹೊಗೆ ಯಾವುದೇ ಆದರೂ ಪುಪ್ಪುಸಕ್ಕೆ ಕೆಟ್ಟದ್ದೇ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ನಿಂತ ನೀರು ಚೆಲ್ಲದೆ ಬರೀ ಹೊಗೆಯಿಂದ ಅದು ಹೋಗುವುದಿಲ್ಲ.

ಬೇವಿನ ಎಣ್ಣೆಯನ್ನು ಕೂಸುಗಳಿಗೆ ಕುಡಿಸುವ ರೂಢಿ ಇದ್ದರೆ ನಿಲ್ಲಿಸಬೇಕು. ಸಣ್ಣ ಮಕ್ಕಳಲ್ಲಿ ಇದರಿಂದ ವಾಂತಿ, ಫಿಟ್ಸ್, ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಪತ್ರಾವಳಿ, ಕಸಬರಿಗೆ, ಚಪ್ಪಲಿ

ಮುತ್ತಲ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಮಾಡುವ ಪತ್ರಾವಳಿ, ದೊನ್ನೆ ಜಾತ್ರೆ, ಸತ್ಯನಾರಾಯಣ ಪೂಜೆ, ಮದುವೆಗೆ ಮೊದಲಿನಿಂದ ನಡೆದುಬಂದದ್ದು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಕ್ಯಾರಿಬ್ಯಾಗ್‌ಗಳಿಗೆ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರ ಸರಕಾರದ ನಿಷೇಧ 2022ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಯಾಗಿದೆ. ಅಂಗಡಿಯವರಿಗೆ ಪತ್ರಾವಳಿ ಇಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಎಲೆಯ ಕೆಳಗೆ ಮಿಂಚುವ ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆ ಎಲೆಯ ತಟ್ಟೆ ಅಲ್ಲ. ಅದನ್ನು ದನ ತಿಂದರೆ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಳಿಯುತ್ತದೆ. ಪತ್ರಾವಳಿ ಕೊಳ್ಳುವಾಗ ಬೂಷ್ಟಿನ ವಾಸನೆ ಇದೆಯೇ ನೋಡಬೇಕು, ಮಳೆಗಾಲದಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು.

ಶಿಂದಿ ಗಿಡದ ಗರಿಯ ಕಸಬರಿಗೆಗೆ ದೀಪಾವಳಿ ಲಕ್ಷ್ಮೀಪೂಜೆ ಹೊತ್ತಿಗೆ ಬೇಡಿಕೆ. ಹಳ್ಳದ ದಂಡೆಯ ಶಿಂದಿ ಗಿಡಗಳನ್ನು ಕಡಿದು ಜಾಗ ಸಮ ಮಾಡುತ್ತ ಹೋದರೆ ಗರಿಯೂ ಇಲ್ಲ, ಹೆಣೆಯುವ ಮನೆತನಗಳಿಗೆ ಕೆಲಸವೂ ಇಲ್ಲ.

ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕಿರುವ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಅಥಣಿ, ನಿಪ್ಪಾಣಿ ಭಾಗದ ಚಪ್ಪಲಿಯೂ ಇದರಲ್ಲಿ ಬರುತ್ತದೆ. ಅಸಲು ಚಪ್ಪಲಿಯ ತೊಗಲನ್ನು ಹದ ಮಾಡುವುದು ಕರಿಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ. ಇವೆರಡರಲ್ಲೂ ಇರುವ ಒಗರು, ಅಂದರೆ ಟ್ಯಾನಿನ್, ತೊಗಲಿನ ಎಳೆಗಳಿಗೆ ಕಚ್ಚಿಕೊಂಡು ಅದು ಕೊಳೆಯದಂತೆ ಮಾಡುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ಹೊಲದ ಕರಿಜಾಲಿ ಬರೀ ಒಲೆಗೆ ಸೌದೆ ಅಂತ ತಿಳಿಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರು ಬೀಜ: ಮನೆಯೊಳಗೆ ಇಡುವ ಮುನ್ನ ಯೋಚಿಸಿ

ಸೀತಾಫಲ ಬೀಜ: ಹೇನು ಸಾಯಲಿ ಎಂದು ಬೀಜದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮಕ್ಕಳ ತಲೆಗೆ ಹಚ್ಚುವುದುಂಟು. ಹೇನು ಸಾಯುವುದೇನೋ ನಿಜ. ಆದರೆ ಅದು ಕಣ್ಣಿಗೆ ಇಳಿದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ, ದೃಷ್ಟಿಗೇ ಕುತ್ತು ಬರುತ್ತದೆ. ನಮ್ಮ ದೇಶದ ಕಣ್ಣಿನ ವೈದ್ಯರು ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ಹೇನಿಗೆ ಹಣಿಗೆಯಿಂದ ಹಿಕ್ಕುವುದು, ಔಷಧಿ ಅಂಗಡಿಯ ಲೋಷನ್ ಸುರಕ್ಷಿತ. ಬೀಜದ ಪುಡಿ ಕಣ್ಣಿಗೆ ಬಿದ್ದಿದ್ದರೆ 15 ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟರರ ಹತ್ತಿರ ಹೋಗಬೇಕು.

ಕೇರು ಬೀಜ (ಬಿಬ್ಬಾ): ಮಡಿವಾಳರು ಹಿಂದೆ ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದದ್ದು ಇದರ ರಸದಿಂದ, ಸುಣ್ಣ ಕೂಡಿಸಿದರೆ ಗುರುತು ಕಪ್ಪಾಗಿ ನಿಲ್ಲುತ್ತಿತ್ತು. ಬಟ್ಟೆಗೆ ಅಂಟುವ ಅದೇ ರಸ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಹಿಮ್ಮಡಿ ಒಡಕಿಗೆ, ಮಂಡಿನೋವಿಗೆ ಬಿಬ್ಬಾ ಕಾಯಿಸಿ ಚುಚ್ಚಿಕೊಳ್ಳುವುದು ಬೇಡ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಆ ಗಾಯ ಬೇಗ ಮಾಯುವುದಿಲ್ಲ.

ಗುಲಗಂಜಿ: ಕೆಂಪು ಮೈ, ಕರಿ ಕಣ್ಣು. ಅಕ್ಕಸಾಲಿಗರ ತೂಕಕ್ಕೆ 8 ಗುಂಜಿಗೆ ಒಂದು ಮಾಸೆ, 96 ಗುಂಜಿಗೆ ಒಂದು ತೊಲೆ. ಅಂದರೆ ಒಂದು ಗುಂಜಿ ಸುಮಾರು 0.12 ಗ್ರಾಂ. ತೂಕದ ಈ ಬೀಜದೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಇಡಿಯಾಗಿ ನುಂಗಿದ ಬೀಜ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಬೀಳಬಹುದು, ಆದರೆ ಅಗಿದರೆ, ತೂತು ಮಾಡಿ ಸರ ಪೋಣಿಸಿದ್ದನ್ನು ಮಗು ನುಂಗಿದರೆ ಅಪಾಯ. ಅಗಿದದ್ದು ಗೊತ್ತಾದರೆ ವಾಂತಿ, ಭೇದಿ ಶುರುವಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಉಳಿದ ಬೀಜವನ್ನು ಜೊತೆಗೇ ಒಯ್ದು ಆಸ್ಪತ್ರೆಗೆ ಹೋಗಬೇಕು. ಮಕ್ಕಳಿರುವ ಮನೆಯಲ್ಲಿ ಗುಲಗಂಜಿಯ ಸರ, ಆಟಿಕೆ ಬೇಡ.

ಕೊಳ್ಳುವಾಗ, ಮಾರುವಾಗ

• ಅಂಟವಾಳ ಬೀಜಸಹಿತವೋ, ಬೀಜ ತೆಗೆದದ್ದೋ ಕೇಳಿ ದರ ಹೋಲಿಸಬೇಕು. ಬೀಜಸಹಿತ ಕೊಂಡರೆ ನೊರೆ ಬಾರದ ಬೀಜದ ತೂಕಕ್ಕೂ ದುಡ್ಡು ಕೊಟ್ಟಂತೆ.
• ಸಿಪ್ಪೆ ಒಡೆದರೆ ಅಂಟುಅಂಟಾಗಿರಬೇಕು. ಪುಡಿಪುಡಿಯಾಗಿ ತೂತುಬಿದ್ದಿದ್ದರೆ ಹಳೆಯ ಸರಕು.
• ಸೀಗೆಯನ್ನು ಆದಷ್ಟು ಇಡೀ ಕಾಯಿಯಾಗಿ ಕೊಳ್ಳುವುದು ಮೇಲು. ಪುಡಿಯಾದರೆ ಒಂದು ಚಮಚವನ್ನು ಬಾಟಲಿ ನೀರಿಗೆ ಹಾಕಿ ಕುಲುಕಿ ನೋಡಬೇಕು. ನೊರೆಯೇ ಇಲ್ಲದಿದ್ದರೆ ಬೇರೆ ಪುಡಿ ಬೆರೆತಿದೆ ಎಂದರ್ಥ. ತಳದಲ್ಲಿ ಮಣ್ಣು, ಮರಳು ಕೂತಿದ್ದರೂ ಹಾಗೇ.
• ಮೊದಲ ಸಲ ಬಳಸುವ ಯಾವುದೇ ಪುಡಿಯನ್ನು ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಇಲ್ಲದಿದ್ದರೆ ಮಾತ್ರ ತಲೆಗೆ, ಮುಖಕ್ಕೆ.
• ಅಂಟವಾಳ, ಗುಲಗಂಜಿ, ಬಿಬ್ಬಾ ಡಬ್ಬಿಗಳನ್ನು ಅಡುಗೆಯ ಮಸಾಲೆ ಡಬ್ಬಿಯ ಸಾಲಿನಲ್ಲಿ ಇಡಬಾರದು. ಅಂಗಡಿಯಲ್ಲೂ ಹಾಗೆಯೇ.

ಕಾನೂನು ಏನು ಹೇಳುತ್ತದೆ

ಸ್ವಂತ ಹೊಲದ ಬದುವಿನ ಅಂಟವಾಳ, ಬೇವಿನ ಕಾಯಿ ಕೀಳಲು ಯಾರ ಅಡ್ಡಿಯೂ ಇಲ್ಲ. ಮೀಸಲು ಅರಣ್ಯದೊಳಗೆ ಹೋಗಿ ಅನುಮತಿ ಇಲ್ಲದೆ ಕಾಯಿ, ತೊಗಟೆ, ಎಲೆ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ತಪ್ಪು. ಖಾನಾಪುರ ಕಡೆಯ ಭೀಮಗಡ, ಗಡಿಯಾಚೆಯ ರಾಧಾನಗರಿ ವನ್ಯಧಾಮಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನಷ್ಟು ಬಿಗಿ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಪಡೆದ ಬುಡಕಟ್ಟು ಮತ್ತು ಪಾರಂಪರಿಕ ಅರಣ್ಯವಾಸಿಗಳಿಗೆ ಮಾತ್ರ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಅವಕಾಶವಿದೆ.

ಮನೆಯಲ್ಲಿ ಮಾಡಿದ ಪುಡಿಯನ್ನು ಮನೆಯವರು ಬಳಸುವುದು ಬೇರೆ, ಪೊಟ್ಟಣ ಕಟ್ಟಿ 'ಹರ್ಬಲ್ ಶಾಂಪೂ', 'ಹೇರ್ ಆಯಿಲ್' ಎಂದು ಹೆಸರಿಟ್ಟು ಮಾರುವುದು ಬೇರೆ. ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸುವವರಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ನಿಯಮಗಳಡಿ ಲೈಸೆನ್ಸ್ ಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಗುಡಿ ಕೈಗಾರಿಕೆ ಶುರು ಮಾಡುವ ಸ್ತ್ರೀಶಕ್ತಿ ಸಂಘಗಳು ಪುಡಿ ಬೀಸುವ ಮೊದಲೇ ಇದನ್ನು ಕೇಳಿ ತಿಳಿದುಕೊಂಡರೆ ಮುಂದೆ ಸರಕು ವಾಪಸು ಬರುವ ತಾಪತ್ರಯ ಇರುವುದಿಲ್ಲ.

ಗಿಡ ಉಳಿಸಿ ಕೀಳುವ ರೀತಿ

ಅಂಟವಾಳದ ಕಾಯಿ ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ಬಲಿಯುತ್ತದೆ. ಕೊಂಬೆ ಕಡಿಯದೆ ದೋಟಿಯಿಂದ ಗೊಂಚಲು ಬಿಡಿಸಿ, ಉದುರಿದ್ದನ್ನು ಆರಿಸಿದರೆ ಮುಂದಿನ ವರ್ಷವೂ ಫಸಲು ಉಂಟು. ಕರಿಜಾಲಿಯ ತೊಗಟೆಯನ್ನು ಕಾಂಡದ ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಹೇಗೂ ಕಡಿಯುವ ಮರದ ಅಥವಾ ಸವರಿದ ಟೊಂಗೆಯ ತೊಗಟೆ ತೆಗೆಯುವುದು ಸರಿ. ಉತ್ತರಾಣಿ, ಗರಗವನ್ನು ಬೇರುಸಹಿತ ಕೀಳದೆ ಮೇಲಿಂದ ಕೊಯ್ದರೆ ಮತ್ತೆ ಚಿಗುರುತ್ತವೆ.

ಅಂಟವಾಳವನ್ನು ಬೀಜದಿಂದ ಬೆಳೆಸಬಹುದು. ಸಿಪ್ಪೆ ತೆಗೆದ ಮೇಲೆ ಉಳಿಯುವ ಕರಿಬೀಜವನ್ನು ಎಸೆಯುವ ಬದಲು ಹೊರಕವಚ ತುಸು ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ, ಮಳೆಗಾಲಕ್ಕೆ ಮುಂಚೆ ಚೀಲದ ಮಣ್ಣಿನಲ್ಲಿ ಊರಬೇಕು. ಫಸಲು ಬರಲು ಹಲವು ವರ್ಷ ಬೇಕು, ಆದರೆ ಒಮ್ಮೆ ಬಂದರೆ ದಶಕಗಟ್ಟಲೆ ಕಾಯಿ. ಕಬ್ಬಿನ ಹೊಲದ ಬದುವಿಗೆ ಒಂದೆರಡು ಮರ ಹಚ್ಚಿದರೆ ಒಂದು ಮನೆಯ ವರ್ಷದ ಬಟ್ಟೆ, ಪಾತ್ರೆಗೆ ಆಗಿ, ಮಿಕ್ಕಿದ್ದು ಸಂತೆಗೆ ಹೋಗುತ್ತದೆ.